ವಿದ್ಯಾರ್ಥಿಗಳ ಕೈಯಲ್ಲಿನ ಫೋನು

ಕಾಲೇಜಿನ ಮಕ್ಕಳು ಹೊತ್ತೆಲ್ಲ ಫೋನು ನೋಡಿ ಕೆಡುತ್ತಿದ್ದಾರೆಂಬ ಮಾತು ಗಿರಣಿಯ ಗೇಟಿನಲ್ಲೂ ಅಂಗಡಿ ಕಟ್ಟೆಯಲ್ಲೂ ದಿನವೂ ಕೇಳಿಬರುತ್ತದೆ. ಅದರಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಆ ಮಕ್ಕಳು ಈ ಯಂತ್ರವನ್ನು ಯಾವ ದೃಷ್ಟಿಯಿಂದ ನೋಡುತ್ತಾರೆಂದು ಕೇಳಿದವರು ವಿರಳ.

ನೆರೆಯ ಕೇರಳದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತು. 2019ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ, ಎಂದರೆ ಸರಿಯಾಗಿ ಓದುವ ಹೊತ್ತಿಗೆ, ಫೋನು ಮುಟ್ಟಕೂಡದೆಂದು ಅಪ್ಪಣೆಯಾಯಿತು. ಬಿ.ಎ. ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ಒಪ್ಪಲಿಲ್ಲ. ಅವಳನ್ನು ಹೊರಹಾಕಿದರು. ಓದಿಗೆ ಬೇಕಾದುದು ಅಂತರ್ಜಾಲದಲ್ಲಿದೆ, ಅದನ್ನು ತಡೆಯಲು ಇವರಾರು ಎಂದು ಅವಳು ಹೈಕೋರ್ಟಿಗೆ ಹೋದಳು. ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಪಿ.ವಿ. ಆಶಾ ಅವರು, ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ತೀರ್ಪಿತ್ತು, ಅವಳನ್ನು ಮರಳಿ ಸೇರಿಸಿಕೊಳ್ಳಲು ಆಜ್ಞೆಮಾಡಿದರು. ಹದಿನೆಂಟರ ಹುಡುಗಿಯ ಧೈರ್ಯ ಮೆಚ್ಚತಕ್ಕದ್ದು.

ಆದರೆ ಹಕ್ಕು ದೊರೆತ ಮಾತ್ರಕ್ಕೆ ಯಂತ್ರ ದೊರೆಯುವುದಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ನೂರಕ್ಕೆ 4.4 ಮನೆಗಳಲ್ಲಿ, ಪಟ್ಟಣಗಳಲ್ಲಿ 23.4 ಮನೆಗಳಲ್ಲಿ ಮಾತ್ರ ಕಂಪ್ಯೂಟರು ಇತ್ತು. 2020ರ ಮಾರ್ಚಿಯಲ್ಲಿ ಕೊರೋನಾದಿಂದ ಕಾಲೇಜುಗಳಿಗೆ ಬೀಗ ಬಿದ್ದು, ಪಾಠವೆಲ್ಲ ಫೋನಿಗೆ ಬಂತು. ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಇಬ್ಬರು ಮಕ್ಕಳಿಗೆ ಒಂದೇ ಗಳಿಗೆಯಲ್ಲಿ ಪಾಠ. ಇಂಥ ಮನೆಯ ಹುಡುಗ ‘ನನಗೆ ಆನ್‌ಲೈನ್ ಪಾಠ ಬೇಡ’ ಎಂದರೆ ಅವನಿಗೆ ಹೊಸ ವಿದ್ಯೆಯಲ್ಲಿ ಆಸಕ್ತಿಯಿಲ್ಲವೆಂದು ತೀರ್ಮಾನಿಸುವುದು ಎಲ್ಲಿಯ ನ್ಯಾಯ? ಸ್ವಂತ ಕಂಪ್ಯೂಟರೂ ಓದಲು ಬೇರೆ ಕೋಣೆಯೂ ಇರುವ ಹುಡುಗ ಅದೇ ಪಾಠವನ್ನು ಹೊಗಳುತ್ತಾನೆ. ಇಬ್ಬರ ಬುದ್ಧಿಯೂ ಒಂದೇ, ಮನೆ ಬೇರೆ.

ಚಿಲ್ಲರೆ ವರ್ತಕರಿಗೆ ಒಂದು ಮಾತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಕಟ್ಟಡ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ನೀವು ಕಟ್ಟುತ್ತಿದ್ದೀರಿ. ಬಾಡಿಗೆ ಮನೆಯ ಕಾರ್ಮಿಕನೂ ಬಾಡಿಗೆಯಲ್ಲಿ ಅದನ್ನು ತೆರುತ್ತಾನೆ. ಈ ಹಣ ನಮ್ಮ ಊರಿನಲ್ಲಿ ಎಷ್ಟು ವಸೂಲಾಯಿತು, ಗ್ರಂಥಾಲಯಕ್ಕೆ ಎಷ್ಟು ಸಂದಾಯವಾಯಿತೆಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಬೇಕು. ಗ್ರಂಥಾಲಯದಲ್ಲಿ ಸಾಕಷ್ಟು ಕಂಪ್ಯೂಟರುಗಳನ್ನೂ ಅಂತರ್ಜಾಲವನ್ನೂ ಒದಗಿಸಿ, ರಾತ್ರಿ 9ರವರೆಗೆ ಬಾಗಿಲು ತೆರೆದಿಡಬೇಕು. ಹೆಣ್ಣುಮಕ್ಕಳು ಅಂಜದೆ ಕೂತು ಓದುವಂತಿರಬೇಕು. ನಗರಸಭೆಗೆ ಸಲ್ಲಿಸುವ ಮನವಿಗೆ ಬರುವ ಭಾನುವಾರ ಬೆಳಿಗ್ಗೆ ಪಕ್ಷದ ಕಚೇರಿಯಲ್ಲಿ ಸಹಿ ಪಡೆಯಲಾಗುವುದು. ಬರುವವರು ಕಂದಾಯದ ರಸೀದಿಯನ್ನು ತಪ್ಪದೆ ತರಬೇಕು, ಮಕ್ಕಳನ್ನೂ ಕರೆತರಬೇಕು.