ರುಜು ಯಾರದು, ಶರೀರ ಯಾರದು?

ಶಸ್ತ್ರಕ್ರಿಯೆಗೆ ಮುನ್ನ ಆಸ್ಪತ್ರೆಯವರು ರುಜು ಹಾಕಿಸಿಕೊಳ್ಳುವ ಸಮ್ಮತಿಪತ್ರವನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕಂಡಿರುವರು; ಓದಿದವರೆಷ್ಟು ಮಂದಿಯೋ ನಾವರಿಯೆವು. ಅನೇಕ ಕಡೆ ಅದು ಇಂಗ್ಲಿಷಿನಲ್ಲಿರುತ್ತದೆ. ದಾದಿಯು ಬೆರಳಿಟ್ಟು ತೋರಿದೆಡೆಯಲ್ಲಿ ರೋಗಿಯ ಗಂಡನೋ, ಮಗನೋ, ಭಾವಮೈದುನನೋ ರುಜು ಮಾಡಿಕೊಡುತ್ತಾನೆ. ಒಳಗೆ ಮಲಗಿರುವ ರೋಗಿಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇದರ ಪರಿಣಾಮ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ದೆಹಲಿಯ ಒಂದು ಮೊಕದ್ದಮೆಯೇ ಸಾಕ್ಷಿ. 1995ರಲ್ಲಿ ಪ್ರಾಪ್ತವಯಸ್ಕಳಾದ ಓರ್ವ ಮಹಿಳೆಯು ರಕ್ತಸ್ರಾವದ ಕಾರಣವನ್ನರಿಯಲು ಲ್ಯಾಪರೋಸ್ಕೋಪಿ ಪರೀಕ್ಷೆಗೆ ಒಳಗಾದಳು. ಆಕೆ ಪ್ರಜ್ಞೆಯಿಲ್ಲದೆ ಮಲಗಿದ್ದಾಗ, ಹೊರಗೆ ಕಾದಿದ್ದ ತಾಯಿಯ ಸಮ್ಮತಿ ಪಡೆದು, ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ಪ್ರಾಣಾಪಾಯವೇನೂ ಒದಗಿರಲಿಲ್ಲ, ಎಚ್ಚರವಾಗುವವರೆಗೆ ಕಾಯಬಹುದಾಗಿತ್ತು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಾಯಿಯ ಸಮ್ಮತಿಯು ಸಮ್ಮತಿಯೇ ಅಲ್ಲವೆಂದು ತೀರ್ಪಿತ್ತಿತು. ಪರೀಕ್ಷೆಗೆ ಒಪ್ಪಿದ ಮಾತ್ರಕ್ಕೆ ಚಿಕಿತ್ಸೆಗೆ ಒಪ್ಪಿದಂತಾಗದೆಂದೂ, ಚಿಕಿತ್ಸೆಯ ಸ್ವರೂಪ, ಅದರ ಅಪಾಯ, ಬೇರೆ ಮಾರ್ಗ, ಚಿಕಿತ್ಸೆ ಬೇಡವೆಂದರೆ ಆಗುವ ಫಲ ಇವನ್ನು ರೋಗಿಗೆ ತಿಳಿಸಬೇಕೆಂದೂ ವಿಧಿಸಿತು. ವೈದ್ಯರು ಸದ್ಭಾವದಿಂದಲೇ ವರ್ತಿಸಿದ್ದರೆಂದು ಕೋರ್ಟು ಒಪ್ಪಿತು. ದೊರೆತ ಪರಿಹಾರ 25,000 ರೂಪಾಯಿ ಮಾತ್ರ! ಹದಿಮೂರು ವರುಷಗಳ ಹೋರಾಟಕ್ಕೆ ಇದೂ ಒಂದು ಬೆಲೆಯೆ?

ವೈದ್ಯರು ಹೇಳುವ ಸಮಾಧಾನವನ್ನೂ ನಾವು ಬಲ್ಲೆವು. ಹೊರಗೆ ನೂರು ರೋಗಿಗಳು ಕಾದಿರುವಾಗ ಒಬ್ಬೊಬ್ಬರಿಗೂ ವಿವರಿಸುತ್ತ ಕುಳಿತಿರಲು ಸಾಧ್ಯವೆ? ವಿವರಿಸಹೋದರೂ ರೋಗಿಯೇ "ಎಲ್ಲಾ ತಮಗೇ ಬಿಟ್ಟಿದ್ದು, ಸ್ವಾಮಿ" ಎಂದು ಕೈಮುಗಿಯುತ್ತಾನೆ. ವೈದ್ಯನನ್ನು ನಾರಾಯಣನೆಂದು ಭಾವಿಸಿದ ನಾಡಿದು. ಮನೆಯವರೂ ಕಡಿಮೆಯವರಲ್ಲ, ಕ್ಯಾನ್ಸರ್ ಎಂಬ ಮಾತು ರೋಗಿಯ ಕಿವಿಗೆ ಬೀಳದಿರಲೆಂದು ಡಾಕ್ಟರರನ್ನು ಮೂಲೆಗೆ ಕರೆದು ಬೇಡಿಕೊಳ್ಳುವವರು ಅವರೇ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ನಿಜ. ಆದರೆ ಆಸ್ತಿಯ ಪತ್ರಕ್ಕೆ ತಾನೇ ರುಜು ಹಾಕುವ ಮನುಷ್ಯನು ತನ್ನ ಹೊಟ್ಟೆಯನ್ನು ಕೊಯ್ಯುವ ಪತ್ರಕ್ಕೆ ರುಜು ಹಾಕಲು ಅನರ್ಹನಾದುದೆಂತು?

ಗರ್ಭಪಾತದ 1971ರ ಕಾಯಿದೆಯು ಹದಿನೆಂಟು ತುಂಬಿದ ಸ್ತ್ರೀಗೆ ಆಕೆಯ ಸಮ್ಮತಿಯೊಂದೇ ಸಾಕೆಂದಿತು. ಆದರೆ ವೈದ್ಯರ ನಡತೆಯನ್ನು ಕುರಿತ 2002ರ ನಿಯಮಾವಳಿಯು ಶಸ್ತ್ರಕ್ರಿಯೆಗೆ ಯಾರ ಲಿಖಿತ ಸಮ್ಮತಿ ಬೇಕೆಂದು ಎಣಿಸುವಾಗ ಗಂಡ ಹೆಂಡಿರನ್ನು ಮೊದಲು ಹೆಸರಿಸಿ ರೋಗಿಯನ್ನು ಕಡೆಗೆ ನಿಲ್ಲಿಸಿದೆ. ಈ ಅನುಕ್ರಮವೇ ಆಸ್ಪತ್ರೆಗಳ ಪದ್ಧತಿಯಾಗಿರುವುದು ವಿಷಾದಕರ.

ತುರ್ತು ಸಂದರ್ಭದ ಮಾತು ಬೇರೆ. ಅಲ್ಲಿ ಪ್ರಾಣರಕ್ಷಣೆಯೇ ಮುಖ್ಯ. ಉಳಿದೆಡೆಗಳಲ್ಲಿ ಸಮ್ಮತಿಪತ್ರವು ತಿಳಿಗನ್ನಡದಲ್ಲಿರಬೇಕು, ಶಸ್ತ್ರಕ್ರಿಯೆಯ ಹಿಂದಿನ ದಿನವೇ ರೋಗಿಯ ಕೈಸೇರಬೇಕು, ಅದನ್ನು ದಾದಿಯಲ್ಲ, ಡಾಕ್ಟರರೇ ಓದಿ ಹೇಳಬೇಕು. ಸರಕಾರವು ತನ್ನ ಜಿಲ್ಲಾ ಆಸ್ಪತ್ರೆಗಳಿಂದಲೇ ಇದನ್ನು ಆರಂಭಿಸಲಿ. ಇದಕ್ಕೆ ತಗಲುವ ವೆಚ್ಚವು ಅಚ್ಚಿನ ಕಾಗದದ್ದು ಮತ್ತು ಡಾಕ್ಟರರ ಹತ್ತು ನಿಮಿಷದ್ದು.