ಕಬ್ಬಿಣ ಬೆಸೆಯುವ ಊರಿಗೆ ಅಲ್ಯುಮಿನಿಯಂ ಕಲಿಸಿ

ನಮ್ಮ ದುಮ್ಮವಾಡದಿಂದ ಕಲಘಟಗಿ ಕಡೆ ಹೋಗಿ, ಧಾರವಾಡದ ಕಡೆ ಹೋಗಿ, ದಾರಿಯಲ್ಲಿ ವೆಲ್ಡಿಂಗ್ ಅಂಗಡಿಗಳಿಗೆ ಬರವಿಲ್ಲ. ಟ್ರಾಲಿಯ ಕೊಂಡಿ, ಕಲ್ಟಿವೇಟರ್ ಹಲ್ಲು, ದನದ ಕೊಟ್ಟಿಗೆಯ ಗೇಟು, ಏನೇ ಮುರಿದರೂ ಸಂಜೆಯೊಳಗೆ ಬೆಸೆದು ಕೊಡುತ್ತಾರೆ. ಅದೇ ಅಂಗಡಿಗೆ ಬಿರುಕು ಬಿಟ್ಟ ಬೈಕ್ ಇಂಜಿನ್ ಕವರ್ ಒಯ್ಯಿರಿ. "ಇದು ಅಲ್ಯುಮಿನಿಯಂ ಐತ್ರಿ, ನಮ್ಮ ಕಡೆ ಆಗೂದಿಲ್ಲ. ಹುಬ್ಬಳ್ಳಿಗೆ ಹೋಗಿ ಆರ್ಗನ್ ಮಾಡಿಸ್ರಿ, ಇಲ್ಲಾ ಹೊಸಾದು ಹಾಕ್ರಿ" ಎಂಬ ಮಾತು ಬರುತ್ತದೆ. ದಿನದ ಕೂಲಿ ಬಿಟ್ಟು ಹುಬ್ಬಳ್ಳಿಗೆ ಹೋಗುವವರು ಕಡಿಮೆ. ಕವರ್ ಗುಜರಿಗೆ ಹೋಗುತ್ತದೆ.

ಔಷಧಿ ಹೊಡೆಯುವ ಪವರ್ ಸ್ಪ್ರೇಯರಿನ ಇಂಜಿನ್, ಕಳೆ ಕತ್ತರಿಸುವ ಯಂತ್ರದ ಉದ್ದ ಪೈಪು, ಡೈರಿಗೆ ಹಾಲು ಒಯ್ಯುವ ಕ್ಯಾನು, ಕಿಟಕಿಯ ಚೌಕಟ್ಟು, ಏಣಿ: ಒಕ್ಕಲುತನದ ಮನೆಯಲ್ಲಿ ಈಗ ಅಲ್ಯುಮಿನಿಯಂ ಇಲ್ಲದ ಮೂಲೆಯಿಲ್ಲ. ಲೋಹ ಮನೆಗೆ ಬಂತು, ಅದನ್ನು ರಿಪೇರಿ ಮಾಡುವ ಕೈಗುಣ ಊರಿಗೆ ಬರಲಿಲ್ಲ. ಇದನ್ನು ಸರಿಮಾಡುವುದು ಸರ್ಕಾರದ ಕೈಯಲ್ಲಿದೆ, ಅದಕ್ಕೆ ದೊಡ್ಡ ಖರ್ಚೂ ಬೇಕಿಲ್ಲ ಎಂಬುದು ನನ್ನ ವಾದ.

ಅಲ್ಯುಮಿನಿಯಂ ಬೆಸೆಯುವುದು ಯಾಕೆ ತೊಡಕು ಎಂಬುದಕ್ಕೆ ಉತ್ತರ ನಮ್ಮ ಪಕ್ಕದ ಬೆಳಗಾವಿಯಲ್ಲೇ ಇದೆ. ಅಲ್ಲಿನ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ ಎಂಬ ಬಿಳಿ ಪುಡಿ ತಯಾರಾಗುತ್ತದೆ. ನಮ್ಮ ಇಂಜಿನ್ ಕವರಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂತಿರುವ ಪೊರೆಯೂ ಮೂಲತಃ ಅದೇ ವಸ್ತು. ಶುದ್ಧ ಅಲ್ಯುಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಈ ಪೊರೆ 2,000 ಡಿಗ್ರಿ ದಾಟಿದರೂ ಜಗ್ಗುವುದಿಲ್ಲ. ಒಳಗಿನ ಲೋಹ ನೀರಾದರೂ ಮೇಲಿನ ಚರ್ಮ ಗಟ್ಟಿಯಾಗಿ ನಿಂತು ಎರಡು ತುಂಡು ಕೂಡದಂತೆ ತಡೆಯುತ್ತದೆ. ಇಂಥ ಹಟಮಾರಿ ಅಲ್ಯುಮಿನಾವನ್ನು ಮಣಿಸಲು 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಇಬ್ಬರೂ ಬೇರೆ ಬೇರೆಯಾಗಿ ಕಂಡುಕೊಂಡ ಉಪಾಯವೆಂದರೆ ಅಲ್ಯುಮಿನಾವನ್ನು ಕರಗಿದ ಫ್ಲೋರೈಡ್ ಲವಣದಲ್ಲಿ ಕರಗಿಸಿ, ವಿದ್ಯುತ್ ಹರಿಸಿ ಲೋಹ ತೆಗೆಯುವುದು. ಬ್ರೇಜಿಂಗ್, ಅಂದರೆ ತುಂಡುಗಳನ್ನು ಕರಗಿಸದೆ ರಾಡು ಮಾತ್ರ ಕರಗಿಸಿ ಬೆಸುಗೆ, ಮಾಡುವವರು ಹಚ್ಚುವ ಫ್ಲಕ್ಸಿನಲ್ಲೂ ಫ್ಲೋರೈಡ್ ಲವಣಗಳಿರುತ್ತವೆ, ಪೊರೆಯನ್ನು ಒಡೆಯುವುದೇ ಅವುಗಳ ಕೆಲಸ. ವಿದ್ಯುತ್ ಹರಿಸಿ ತೆಗೆಯುವ ಒಂದು ಕಿಲೊ ಹೊಸ ಅಲ್ಯುಮಿನಿಯಂಗೆ ಸುಮಾರು 14 ಯೂನಿಟ್ ಕರೆಂಟು ಬೇಕು. ಬೆರಳುದ್ದದ ಬಿರುಕಿಗಾಗಿ ಇಡೀ ಕವರ್ ಎಸೆಯುವಾಗ ಈ ಲೆಕ್ಕ ನೆನಪಿರಲಿ.

ಎರಡನೆಯ ತೊಡಕು ಬಣ್ಣದ್ದು. ಕಬ್ಬಿಣ ಕಾದಾಗ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯುಮಿನಿಯಂ ಬೆಳ್ಳಗೇ ಇದ್ದು, ನೋಡುತ್ತಿರುವಂತೆ ಕುಸಿದು ಬೀಳುತ್ತದೆ.

ಇಷ್ಟೆಲ್ಲ ತೊಡಕಿದ್ದರೂ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾನು ಇಂಥ ಕವರುಗಳನ್ನು ಸರಿಮಾಡುತ್ತೇನೆ. ಮೊದಲು ಸರ್ಫಿನ ಬಿಸಿ ನೀರಲ್ಲಿ ತಿಕ್ಕಿ ತೊಳೆದು ಒಣಗಿಸಬೇಕು, ಯಾಕೆಂದರೆ ಎರಕದ ಅಲ್ಯುಮಿನಿಯಂ ಎಣ್ಣೆ ಕುಡಿದಿರುತ್ತದೆ. ಸ್ವಲ್ಪ ಕಾಯಿಸಿದರೆ ಒಳಗಿನ ಎಣ್ಣೆ ಬೆವರಿ ಮೇಲೆ ಬರುತ್ತದೆ, ಮತ್ತೆ ತೊಳೆಯಬೇಕು. ಬಿರುಕಿನ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ನಂತರ ಬಿರುಕಿನುದ್ದಕ್ಕೂ ಅರದಿಂದ ತೋಡು ತೆಗೆದು, ಸ್ಟೀಲ್ ಬ್ರಷ್ಷಿನಿಂದ ಹೊಳಪು ಬರುವವರೆಗೆ ಉಜ್ಜಬೇಕು. ಆ ಬ್ರಷ್ ಕಬ್ಬಿಣಕ್ಕೆ ಮುಟ್ಟಿರಬಾರದು. ಪಕ್ಕದಲ್ಲಿ ಬಟ್ಟೆ ಸಾಬೂನಿನಿಂದ ಒಂದು ಗೆರೆ ಎಳೆಯುತ್ತೇನೆ. ಬೆಂಕಿ ಹಿಡಿದಾಗ ಆ ಗೆರೆ ಕಂದಾಗಿ ಕಪ್ಪಾಗುತ್ತ ಬಂದರೆ ಬೆಸುಗೆಯ ರಾಡ್ ಮುಟ್ಟಿಸುವ ಹೊತ್ತು ಹತ್ತಿರವಾಯಿತು ಎಂದರ್ಥ.

ನಾನು ಬಳಸುವುದು 400 ಡಿಗ್ರಿ ಆಸುಪಾಸಿನಲ್ಲಿ ಕರಗುವ, ಫ್ಲಕ್ಸ್ ಬೇಡದ ಸತುವಿನ ರಾಡು. ಪಕ್ಕದ ಮನೆಯ ಹುಡುಗ ಮೊನ್ನೆ ಬರ್ನರ್ ಹಿಡಿದು ಕೇಳಿದ, "ಕಾಕಾ, ರಾಡ್ ಹನಿ ಹನಿ ಆಗಿ ಉರುಳಾಕತ್ತೈತಿ, ಹಿಡೀವಲ್ದು." ಎಲ್ಲರೂ ಎಡವುವುದು ಇಲ್ಲೇ. "ರಾಡಿಗೆ ಬೆಂಕಿ ತೋರಿಸಬ್ಯಾಡೋ, ಕವರ್ ಕಾಯಿಸು" ಎಂದೆ. ಅಲ್ಯುಮಿನಿಯಂ ಶಾಖವನ್ನು ಕಬ್ಬಿಣಕ್ಕಿಂತ ಬಹಳ ಬೇಗ ಸುತ್ತ ಹರಡುತ್ತದೆ, ಆದ್ದರಿಂದ ಇಡೀ ತುಂಡು ಕಾಯಬೇಕು. ಕಾದ ಲೋಹವೇ ರಾಡನ್ನು ಕರಗಿಸಬೇಕು. ಕರಗಿದ ಮೇಲೆ ಅದರ ಕೆಳಗೆ ಸ್ಟೀಲಿನ ಮೊನೆಯಿಂದ ಕೆರೆದರೆ ಪೊರೆ ಹರಿದು ಲೋಹಕ್ಕೆ ಲೋಹ ಅಂಟುತ್ತದೆ. ಅವನು ಹಾಗೆ ಕೆರೆದ, ಹನಿಯಾಗಿದ್ದದ್ದು ಒಮ್ಮೆಲೇ ತೋಡಿನ ತುಂಬ ಹರಡಿತು. ಆ ಮುಖ ನೋಡಬೇಕಿತ್ತು. ಹತ್ತನೇ ಇಯತ್ತೆಗೆ ಶಾಲೆ ಬಿಟ್ಟ ಹುಡುಗ ಅವನು.

ಕಲಿಸುವವರು ಮಾಡಬಾರದ್ದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಹೇಳಬೇಕು. ಕುಕ್ಕರ್‌ಗೆ ಬೆಸುಗೆ ಬೇಡ, ಒತ್ತಡಕ್ಕೆ ಸಿಡಿದರೆ ಜೀವಕ್ಕೆ ಕುತ್ತು. ಬ್ರೇಕ್ ಲಿವರ್, ಏಣಿ, ಮನುಷ್ಯನ ಭಾರ ಹೊರುವ ಯಾವುದೂ ಬೇಡ. ಕಾಯಿಸಿದ ಜಾಗದಲ್ಲಿ ಆ ಲೋಹ ಮೆತ್ತಗಾಗುತ್ತದೆ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಬೆಂಕಿ ಸುಳಿಯಬಾರದು. ಹುಳಿ ಸಾರು ಕುದಿಸುವ ಬೋಗುಣಿಗೆ, ಹಾಲಿನ ಕ್ಯಾನಿಗೆ ಸತುವಿನ ರಾಡು ಸಲ್ಲ. ಫ್ಲಕ್ಸ್ ಹಚ್ಚಿದ್ದರೆ ಬಿಸಿ ನೀರಲ್ಲಿ ಪೂರ್ತಿ ತೊಳೆಯಬೇಕು, ಉಳಿದರೆ ಲೋಹವನ್ನೇ ತಿನ್ನುತ್ತದೆ. ಅದರ ಹೊಗೆ ಎದೆಗೆ ಕೆಟ್ಟದ್ದು, ಬಾಗಿಲು ತೆರೆದಿರಲಿ. ಅಡುಗೆ ಸಿಲಿಂಡರಿನ ರೆಗ್ಯುಲೇಟರ್ ಕಿತ್ತು ಬರ್ನರ್ ಜೋಡಿಸುವುದು ಕಾನೂನಿಗೂ ವಿರುದ್ಧ, ಮನೆಗೂ ಅಪಾಯ.

ಈ ತಿಳಿವಳಿಕೆ ಈಗ ಎಲ್ಲಿಂದ ಬರುತ್ತಿದೆ? ಮೊಬೈಲ್ ವಿಡಿಯೊದಿಂದ. ನಾನು ಕೊಂಡ ರಾಡಿನ ಪಾಕೀಟುಗಳ ಮೇಲೆ ಕನ್ನಡದ ಒಂದಕ್ಷರ ಇರಲಿಲ್ಲ. ಇನ್ನೊಂದು ಸಂಕಟ ಆರ್ಗನ್ ಅನಿಲ ಹಾಯಿಸಿ ಬೆಸೆಯುವ ಟಿಗ್ ಮಷೀನಿನದ್ದು. "ಟಿಗ್ ಐತಿ, ಎಲ್ಲಾ ಬೆಸೀತೈತಿ" ಎಂಬ ಮಾತು ನಂಬಿ ಸಾಲ ಮಾಡಿ ಡಿಸಿ ಮಷೀನ್ ತಂದ ವೆಲ್ಡರುಗಳನ್ನು ನಾನು ಬಲ್ಲೆ. ಅಲ್ಯುಮಿನಿಯಂಗೆ ಎಸಿ ಕರೆಂಟಿನ ಟಿಗ್ ಬೇಕು. ದಿಕ್ಕು ಬದಲಿಸುವ ಆ ಕರೆಂಟೇ ಪೊರೆಯನ್ನು ಕಿತ್ತು ಹಾಕುವುದು. ಮಾರುವವರು ಇದನ್ನು ಮೊದಲೇ ಹೇಳಬೇಕಿತ್ತು. ಹೇಳದೆ ಮಾರುವುದು ಬಡವನ ಜೇಬಿಗೆ ಕೈ ಹಾಕಿದಂತೆಯೇ.

ಐಟಿಐಗಳಲ್ಲಿ ವೆಲ್ಡರ್ ಕೋರ್ಸ್ ಇದೆ, ಒಂದು ವರ್ಷದ್ದು. ಅಂಗಡಿ ಇಟ್ಟು ಹೆಂಡತಿ ಮಕ್ಕಳನ್ನು ಸಾಕುವವನು ವರ್ಷಗಟ್ಟಲೆ ಹೋಗಿ ಬೆಂಚಿನ ಮೇಲೆ ಕೂರಲಾರ. ಅವನಿಗಾಗಿ ಒಂದು ವಾರದ ಅಲ್ಯುಮಿನಿಯಂ ತರಬೇತಿ ನಡೆಸಿ. ಟ್ರ್ಯಾಕ್ಟರ್ ರಿಪೇರಿಗಳ ಗದ್ದಲ ಇಳಿದ ಮಳೆಗಾಲದ ನಡುವೆ ಇಡಿ, ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿಗೆ ಒಂದೊಂದು ತಂಡ ಮಾಡಿ. ತಾಲ್ಲೂಕಿಗೊಂದು ಎಸಿ ಟಿಗ್ ಮಷೀನು, ಆರ್ಗನ್ ಸಿಲಿಂಡರು ಬಾಡಿಗೆಗೆ ಸಿಗುವಂತೆ ಮಾಡಿ. ರಾಡು, ಫ್ಲಕ್ಸ್ ಮಾರುವವರು ಬಳಸುವ ಕ್ರಮವನ್ನೂ ಎಚ್ಚರಿಕೆಯನ್ನೂ ಕನ್ನಡದಲ್ಲಿ ಅಚ್ಚು ಹಾಕಲಿ. ನಮ್ಮ ಶಾಸಕರು, ಜಿಲ್ಲಾ ಕೌಶಲ ಅಧಿಕಾರಿಗಳು ಮನಸ್ಸು ಮಾಡಿದರೆ ಮುಂದಿನ ಮಳೆಗಾಲಕ್ಕೇ ಶುರುವಾಗಬಹುದು. ಜಾಗದ ಚಿಂತೆ ಇದ್ದರೆ ನನ್ನ ಶೆಡ್ಡು ಇದೆ, ಬಂದು ನೋಡಲಿ.