ಹಾಗೆ ಹೇಳಿದ್ದು ನಿಜವೇ?

1934ರ ಜನವರಿ 15ರಂದು ಬಿಹಾರ ಭೂಕಂಪಕ್ಕೆ ತತ್ತರಿಸಿತು. ಅದು ಅಸ್ಪೃಶ್ಯತೆಯ ಪಾಪಕ್ಕೆ ಸಿಕ್ಕ ಶಿಕ್ಷೆ ಎಂದರು ಗಾಂಧೀಜಿ. ರವೀಂದ್ರನಾಥ ಠಾಕೂರರಿಗೆ ಆ ಮಾತು ಸಹಿಸಲಾಗಲಿಲ್ಲ.

ಆದರೂ ಅವರು ದುಡುಕಲಿಲ್ಲ. ಪತ್ರಿಕೆಯಲ್ಲಿ ಬಂದದ್ದನ್ನು ನಂಬಲಾಗುತ್ತಿಲ್ಲ, ನಿಮ್ಮ ಅಭಿಪ್ರಾಯ ಇದೇ ಆಗಿದ್ದರೆ ಇಗೋ ನನ್ನ ಖಂಡನೆ ಎಂದು ಬರೆದು ಗಾಂಧೀಜಿಗೇ ಕಳಿಸಿಕೊಟ್ಟರು. ಗಾಂಧೀಜಿ ಅದನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ, ತಮ್ಮ ಉತ್ತರವನ್ನೂ ಕೊಟ್ಟರು. ಇಬ್ಬರೂ ಮಣಿಯಲಿಲ್ಲ.

ವಾದದಲ್ಲಿ ಠಾಕೂರರದೇ ಸರಿ; ನಡತೆಯಲ್ಲಿ ಇಬ್ಬರೂ ದೊಡ್ಡವರು. ಅಣ್ಣತಮ್ಮಂದಿರು ಮಾತು ಬಿಡುವ ಎಷ್ಟೋ ಮನೆಗಳಲ್ಲಿ ಇಲ್ಲದಿರುವುದು ಈ ಮೊದಲ ಪ್ರಶ್ನೆಯೇ: ನೀನು ನಿಜವಾಗಿ ಹಾಗಂದೆಯಾ?

1940ರಲ್ಲಿ ಗಾಂಧೀಜಿ ಶಾಂತಿನಿಕೇತನಕ್ಕೆ ಬಂದಾಗ, ತಮ್ಮ ವಿದ್ಯಾಸಂಸ್ಥೆ ವಿಶ್ವಭಾರತಿಯನ್ನು ಕಾಪಾಡಬೇಕೆಂದು ಠಾಕೂರರು ಕೋರಿದ್ದು ಇದೇ ಎದುರಾಳಿಯನ್ನು.